ಹಿಂದಿನ ಮೂಲೆ

ಹ್ಯೂಸ್ಟನ್ನಿನಲ್ಲಿ ಕೆಲಸ ಸಿಕ್ಕಿದ ವಾರವೇ ನಂದಕುಮಾರನಿಗೆ ಮನೆಯ ಹಿಂದೆ ನಿಂತಿದ್ದ ಟ್ರೈಲರಿನ ನೆನಪಾಯಿತು. ರಿಚರ್ಡ್‌ಸನ್ನಿನ ಟೆಲಿಕಾಂ ಕಂಪನಿ ಅವನನ್ನು ಮನೆಗೆ ಕಳಿಸಿ ಹತ್ತು ತಿಂಗಳಾಗಿತ್ತು. ಈಗ ಸಿಕ್ಕಿದ್ದೂ ಖಾಯಂ ಕೆಲಸವಲ್ಲ, ಒಂದು ವರ್ಷದ ಕಾಂಟ್ರಾಕ್ಟು. ಸೋಮವಾರ ಬೆಳಗಿನ ಜಾವ ಕ್ಯಾರಲ್ಟನ್ನಿನ ಮನೆ ಬಿಟ್ಟರೆ ನಾಲ್ಕೂವರೆ ಗಂಟೆಯ ದಾರಿ. ಶುಕ್ರವಾರ ಸಂಜೆ ಮತ್ತೆ ಅಷ್ಟೇ ದೂರ ವಾಪಸು. ಅಲ್ಲಿ ಬೇರೆ ಮನೆ ಮಾಡುವ ಶಕ್ತಿ ಇರಲಿಲ್ಲ. ಟ್ರೈಲರನ್ನು ಎಳೆದುಕೊಂಡು ಹೋಗಿ ಊರಾಚೆಯ ಟ್ರೈಲರ್ ಪಾರ್ಕಿನಲ್ಲಿ ನಿಲ್ಲಿಸಿದರೆ ಮಲಗಲು ಹಾಸಿಗೆ, ಅನ್ನ ಮಾಡಿಕೊಳ್ಳಲು ಒಲೆ, ಎಲ್ಲ ಅದರಲ್ಲೇ ಇತ್ತು.

ಚಕ್ರದ ಮೇಲಿನ ಆ ಪುಟ್ಟ ಮನೆಯನ್ನು ಅವನು ಕೊಂಡದ್ದು ತೊಂಬತ್ತೊಂಬತ್ತರಲ್ಲಿ, ಕೈಯಲ್ಲಿ ದುಡ್ಡು ಓಡಾಡುತ್ತಿದ್ದ ಕಾಲದಲ್ಲಿ, ಆಫೀಸಿನ ಗೆಳೆಯನೊಬ್ಬನಿಂದ. ಆಗಲೇ ಅದಕ್ಕೆ ಹನ್ನೊಂದು ವರ್ಷ ವಯಸ್ಸಾಗಿತ್ತು. ಗ್ಯಾಲ್ವೆಸ್ಟನ್ನಿನ ಸಮುದ್ರ ನೋಡಲು ಒಮ್ಮೆ, ಬಿಗ್ ಬೆಂಡಿನ ಬೆಟ್ಟಗಳಿಗೆ ಒಮ್ಮೆ, ಹತ್ತಿರದ ಕೆರೆಗಳಿಗೆ ಎರಡು ಸಲ ಹೋದದ್ದು ಬಿಟ್ಟರೆ ಅದು ಹಿತ್ತಲಲ್ಲಿ, ಗಲ್ಲಿಯ ಕಡೆ ಮುಖ ಮಾಡಿ ನಿಂತೇ ಇತ್ತು.

ಜನವರಿಯ ಒಂದು ಶನಿವಾರ ಬೀಗ ತೆಗೆದು ಒಳಗೆ ಕಾಲಿಟ್ಟವನು ಹಾಗೇ ಹಿಂದಕ್ಕೆ ಬಂದ. ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಹೆಂಡತಿ ಶಕುಂತಲಾ, ಹಾವೇನಾದರೂ ಸೇರಿಕೊಂಡಿದೆಯೋ ಎಂದು ಕೈ ಒರೆಸಿಕೊಳ್ಳುತ್ತ ಹೊರಗೆ ಹೋದಳು. ಬಾಗಿಲಿನಿಂದ ಒದ್ದೆ ಗೋಣಿಚೀಲ ಕೊಳೆತಂಥ ವಾಸನೆ ಬರುತ್ತಿತ್ತು. ಹಿಂಬದಿಯ ಹಾಸಿಗೆಯ ಪಕ್ಕದ ಗೋಡೆ ಉಬ್ಬಿ, ಚಾವಣಿಯಿಂದ ನೆಲದವರೆಗೆ ಕಂದು ನೀರಿನ ಕಲೆ ಇಳಿದಿತ್ತು. ಆ ಮೂಲೆಯಲ್ಲಿ ಕಾಲಿಟ್ಟರೆ ನೆಲ ಮೆತ್ತಗೆ ಕುಸಿಯುತ್ತಿತ್ತು.

"ಎಷ್ಟು ದಿನದಿಂದ ನೀರು ಇಳೀತಿದೆಯೋ ಏನೋ," ನಂದಕುಮಾರ ಹೇಳಿದ. "ಮಾವ ದಿನಾ ಇಲ್ಲೇ ಓಡಾಡ್ತಿರ್ತಾರೆ. ಒಂದು ಸಲ ಬಾಗಿಲು ತೆಗೆದು ನೋಡೋಕಾಗಿಲ್ವಾ?"

"ಬೀಗದ ಕೈ ನಿಮ್ಮತ್ರ ತಾನೆ ಇರೋದು," ಎಂದಳು ಶಕುಂತಲಾ.

ಅವಳ ತಂದೆ ಪುಟ್ಟಣ್ಣನವರು ಬೇಲಿಯ ಪಕ್ಕ ಮೆಂತ್ಯದ ಪಾತಿಯ ಹತ್ತಿರ ಕೂತಿದ್ದರು. ಎದ್ದು ಬಂದರು. "ಹೋದ ವರ್ಷ ಆಲಿಕಲ್ಲು ಬಿದ್ದು ಮೇಲಿನ ಗಾಳಿಕಿಂಡಿ ಮುಚ್ಚಳ ಸೀಳ್ತಲ್ಲ, ಆವತ್ತೇ ಹತ್ತಿ ನೋಡ್ತೀನಿ ಅಂದೆ. ಬಿದ್ರೆ ಆಸ್ಪತ್ರೆ ಬಿಲ್ ಕಟ್ಟೋರು ಯಾರು ಅಂದ್ರಿ ನೀವು. ನೀವೇ ಹತ್ತಿ ಟೇಪ್ ಹಾಕಿ ಇಳಿದ್ರಿ."

ಅದು ನಿಜವಾಗಿತ್ತು.

ಪುಟ್ಟಣ್ಣನವರಿಗೆ ಅರವತ್ತೆಂಟು. ಸಾರಿಗೆ ನಿಗಮದಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ಸೆಕ್ಷನ್ನಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಹೆಂಡತಿ ತೀರಿಕೊಂಡ ಮೇಲೆ ಶಕುಂತಲಾ ಗ್ರೀನ್ ಕಾರ್ಡ್ ಮಾಡಿಸಿ ಮಂಡ್ಯದಿಂದ ಕರೆಸಿಕೊಂಡಿದ್ದಳು. ಬಂದು ಮೂರು ವರ್ಷವಾಗಿತ್ತು. ಅಳಿಯನಿಗೂ ಅವರಿಗೂ ಜಗಳವೇನೂ ಇರಲಿಲ್ಲ, ಮಾತೂ ಹೆಚ್ಚಿರಲಿಲ್ಲ. ಮನೆಯಲ್ಲಿ ನಲ್ಲಿ ಸೋರಿದರೆ, ಬಾಗಿಲು ಕಿರುಗುಟ್ಟಿದರೆ ಹೇಳುವ ಮುಂಚೆಯೇ ಸರಿ ಮಾಡಿರುತ್ತಿದ್ದರು.

ಅವರು ಒಳಗೆ ಹೋಗಿ ಉಬ್ಬಿದ ಹಲಗೆಯನ್ನು ಕಿತ್ತರು. ಅದರ ಹಿಂದಿನ ಹತ್ತಿಯಂಥ ಹಳದಿ ಪದರ ನೀರು ಕುಡಿದು ಮುದ್ದೆಯಾಗಿತ್ತು. ಮೂಲೆಯ ಮರದ ಕಂಬಕ್ಕೆ ಸ್ಕ್ರೂಡ್ರೈವರ್ ಒತ್ತಿದರು. ಬೆಂದ ಗೆಣಸಿಗೆ ಹೋದ ಹಾಗೆ ಹಿಡಿಯವರೆಗೂ ಹೋಯಿತು. ಪಕ್ಕದ್ದಕ್ಕೆ ಒತ್ತಿದರು, ಅದೂ ಹಾಗೆಯೇ. ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿ ಬಟ್ಟೆ ಕೊಡವಿಕೊಂಡು ಎದ್ದರು.

"ಕಂಡಮ್," ಎಂದರು. ಡಿಪೊದಲ್ಲಿ ಇನ್ನು ರಸ್ತೆಗೆ ಹಾಕಬಾರದ ಬಸ್ಸಿಗೆ ಆಡುವ ಮಾತು ಅದು.

ನಂದಕುಮಾರ ಒಪ್ಪಲಿಲ್ಲ. ರಿಪೇರಿ ಅಂಗಡಿಯವನೊಬ್ಬನನ್ನು ಕರೆಸಿ ತೋರಿಸಿದ. ಅವನು ಹೇಳಿದ ಮೊತ್ತ ಟ್ರೈಲರಿಗೆ ಕೊಟ್ಟ ಬೆಲೆಗಿಂತ ಹೆಚ್ಚಿತ್ತು. ಸೋಮವಾರ ನಂದಕುಮಾರ ಒಂದು ಸೂಟ್‌ಕೇಸ್, ಒಂದು ಚಾಪೆ ಹಾಕಿಕೊಂಡು ಹ್ಯೂಸ್ಟನ್ನಿಗೆ ಹೊರಟ. ಅಲ್ಲಿ ನಾಲ್ಕು ಜನ ಹುಡುಗರು ಹಂಚಿಕೊಂಡಿದ್ದ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಮಲಗಲು ಜಾಗ ಸಿಕ್ಕಿತ್ತು. ನಲವತ್ನಾಲ್ಕು ವರ್ಷದ ಗಂಡಸು ಬೆಳಿಗ್ಗೆ ಬಚ್ಚಲಿಗೆ ಸರದಿ ನಿಲ್ಲುತ್ತಿದ್ದ. ಆ ಹುಡುಗರು ಅವನನ್ನು ಅಂಕಲ್ ಎನ್ನುತ್ತಿದ್ದರು. ಅದನ್ನೆಲ್ಲ ಅವನು ಫೋನಿನಲ್ಲಿ ಹೇಳುತ್ತಿರಲಿಲ್ಲ. ಬೆನ್ನು ನೋವು ಎಂದಷ್ಟೇ ಹೇಳುತ್ತಿದ್ದ.

ಫೆಬ್ರವರಿಯ ಒಂದು ಶನಿವಾರ ಶಕುಂತಲಾ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದಳು. ಹದಿನಾಲ್ಕು ವರ್ಷದ ಮಗಳು ನಿಶಿತಾ ತನ್ನ ತಟ್ಟೆಗೆ ಅನ್ನ ಮಾತ್ರ ಹಾಕಿಕೊಂಡು ಕೂತಿದ್ದಳು.

"ಮಾವ, ಆ ಟ್ರೈಲರನ್ನ ನೀವೇ ಮಾಡಿಕೊಡಿ," ಎಂದ ನಂದಕುಮಾರ.

"ಮಾಡೋದಾದ್ರೆ ಹಿಂದಿನ ಗೋಡೆ ಪೂರ್ತಿ ಇಳಿಸ್ಬೇಕು. ಕಂಬ ಎಲ್ಲ ಹೊಸದು ಕೊಡ್ಬೇಕು. ನೆಲ ಕಿತ್ತು ಹಾಕ್ಬೇಕು. ಒಬ್ಬನೇ ಆದ್ರೆ ಬೇಸಿಗೆ ಮುಗೀತದೆ."

"ಅಷ್ಟು ಟೈಮಿಲ್ಲ ಮಾವ. ಮೇಲ್ಗಡೆ ಸೋರೋದು ನಿಲ್ಲಿಸಿ, ಒಳಗಡೆ ಹೊಸ ಹಲಗೆ ಹೊಡೆದುಬಿಡಿ. ಮಲಗೋನು ನಾನೊಬ್ಬನೇ. ಮುಂದಿನ ಬೆಂಚಲ್ಲಿ ಮಲಗ್ತೀನಿ. ಒಂದು ವರ್ಷ ಸಾಕು."

ಪುಟ್ಟಣ್ಣನವರು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. "ಒಬ್ರಿಗೆ, ಒಂದು ವರ್ಷಕ್ಕೆ ಆದ್ರೆ ಆಯ್ತದೆ. ಹಿಂದಿನ ಮೂಲೇಲಿ ಭಾರ ಹಾಕ್ಬಾರದು. ಗಾಳಿ ಮಳೆ ದಿನ ಒಳಗೆ ಇರ್ಬಾರದು."

"ಆಯ್ತು."

"ಜಸ್ಟ್ ಜಂಕ್ ಇಟ್," ಎಂದಳು ನಿಶಿತಾ, ತಟ್ಟೆಯಿಂದ ತಲೆ ಎತ್ತದೆ.

"ನಿನ್ನ ಯಾರು ಕೇಳಿದ್ರು," ಎಂದ ನಂದಕುಮಾರ. ಅವಳು ತಟ್ಟೆ ಎತ್ತಿಕೊಂಡು ರೂಮಿಗೆ ಹೋದಳು.

ಎರಡು ತಿಂಗಳು ಪುಟ್ಟಣ್ಣನವರು ಬೆಳಗಿನ ಕಾಫಿ ಕುಡಿದು ಹಿತ್ತಲಿಗೆ ಹೋದರೆ ಊಟಕ್ಕೇ ಬರುವುದು. ಶಕುಂತಲಾ ಪ್ರೈಮರಿ ಸ್ಕೂಲಿನ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಎರಡು ಗಂಟೆಗೆ ಮನೆಗೆ ಬಂದಾಗ ಗಲ್ಲಿಯ ತುದಿಗೇ ಗರಗಸದ ಸದ್ದು ಕೇಳುತ್ತಿತ್ತು. ಅವರು ಮೇಲೆ ಹತ್ತಿ ಹಳೆಯ ಅಂಟು ಕೆರೆದು ಹೊಸದು ಬಳಿದರು, ಮುಚ್ಚಳ ಬದಲಿಸಿದರು. ನೆಲದ ಮೇಲೆ ಪ್ಲೈವುಡ್ ಹಾಸಿದರು. ಹಿಂದಿನ ಗೋಡೆಗೆ ಬಿಳಿ ಹಲಗೆ ಹೊಡೆದು, ಸಂದುಗಳಿಗೆ ಪಟ್ಟಿ ಕೊಟ್ಟು, ಕೈಯಾಡಿಸಿದರೆ ಎಲ್ಲಿಯೂ ತೊಡರದಂತೆ ಉಜ್ಜಿದರು. ಕೆಲಸ ಅಚ್ಚುಕಟ್ಟಾಗಿತ್ತು. ಶಕುಂತಲಾಳಿಗೂ ಹುಮ್ಮಸ್ಸು ಬಂದು ಹಸಿರು ಹೂವಿನ ಬಟ್ಟೆ ತಂದು ಪರದೆ ಹೊಲಿದಳು.

"ಹೊಸದರ ಥರ ಆಯ್ತಲ್ಲಪ್ಪ," ಎಂದಳು.

"ನೋಡಕ್ಕೆ ಮಗ," ಎಂದರು ಅವರು. "ಒಳಗೆ ಅದೇ ಕಂಬ."

ಏಪ್ರಿಲಿನಲ್ಲಿ ನಂದಕುಮಾರ ಹ್ಯೂಸ್ಟನ್ನಿನ ಮೂರು ಪಾರ್ಕುಗಳಿಗೆ ಹೋಗಿ ಕೇಳಿದ. ಮೂರರಲ್ಲೂ ಹತ್ತು ವರ್ಷಕ್ಕಿಂತ ಹಳೆಯ ಟ್ರೈಲರನ್ನು ಸೇರಿಸುವುದಿಲ್ಲ ಎಂದರು. ನಾಲ್ಕನೆಯದು ಸೇರಿಸುತ್ತಿತ್ತು, ಆದರೆ ಆಫೀಸಿನಿಂದ ಒಂದೂಕಾಲು ಗಂಟೆ ದೂರ. ಅದೇ ತಿಂಗಳು ಮನೆಯ ಸಾಲದ ಕಂತು ತಡವಾಗಿ ಬ್ಯಾಂಕಿನಿಂದ ಎರಡನೆಯ ಕಾಗದ ಬಂತು. ಶನಿವಾರ ಊಟಕ್ಕೆ ಕೂತಾಗ ಅವನು ಹೇಳಿದ:

"ಮಾರಿಬಿಡೋಣ."

ಪುಟ್ಟಣ್ಣನವರು ಸಾರು ಬಡಿಸಿಕೊಳ್ಳುತ್ತಿದ್ದವರು ಸೌಟು ಕೆಳಗಿಟ್ಟರು. "ಮಾರೋದಾದ್ರೆ ಹೇಳಿ ಮಾರಿ."

"ಹೇಳ್ತೀನಿ ಮಾವ. ಸೋರ್ತಿತ್ತು, ರಿಪೇರಿ ಆಗಿದೆ ಅಂತ. ಅದರಲ್ಲಿ ಸುಳ್ಳೇನಿದೆ?"

"ಕಂಬ ಕೊಳೆತದೆ ಅಂತ ಹೇಳ್ತೀರಾ?"

"ಅದನ್ನ ಹೇಳಿದ್ರೆ ಯಾರು ತಗೋತಾರೆ?"

"ಯಾರೂ ತಗಳಲ್ಲ. ಅದಕ್ಕೇ ಕಂಡಮ್ ಅಂದಿದ್ದು."

"ನೋಡಿ ಮಾವ, ಈ ಮನೆ ಕೈ ಬಿಟ್ಟುಹೋದ್ರೆ ನಿಮಗೂ ಜಾಗ ಇರಲ್ಲ, ನಮಗೂ ಇರಲ್ಲ. ನಾನು ಅಲ್ಲಿ ನೆಲದ ಮೇಲೆ ಬಿದ್ಕೊಂಡಿದೀನಿ. ತಗೊಳ್ಳೋರು ಕಣ್ಣು ಬಿಟ್ಟು ನೋಡ್ಕೊಂಡು ತಗೋಬೇಕು. ನನಗೆ ಮಾರಿದೋನು ಎಲ್ಲ ಹೇಳಿದ್ನಾ?"

"ನಾನು ಆ ಹಲಗೆ ಹೊಡೆದಿದ್ದು ನೀವು ಮಲಗ್ತೀರಿ ಅಂತ. ಮುಚ್ಚಿಡೋಕೆ ಅಂತ ಅಲ್ಲ."

"ಶಕ್ಕು, ನೀನೇ ಹೇಳು."

ಇಬ್ಬರೂ ಅವಳನ್ನು ನೋಡಿದರು. ಬ್ಯಾಂಕಿನ ಕಾಗದವನ್ನು ಓದಿದ್ದವಳು ಅವಳು. ತಂದೆ ಸ್ಕ್ರೂಡ್ರೈವರ್ ಒತ್ತಿದ್ದನ್ನೂ ಕಂಡಿದ್ದವಳು. "ಸಾರು ಆರ್ತಿದೆ. ಮೊದಲು ಊಟ ಮಾಡಿ," ಎಂದಳು. ಆವತ್ತು ಮತ್ತೆ ಆ ಮಾತು ಬರಲಿಲ್ಲ. ಮರುದಿನ ನಂದಕುಮಾರ ಪೇಪರಿಗೂ ಕನ್ನಡ ಬಳಗದ ಇ-ಮೇಲ್ ಪಟ್ಟಿಗೂ ಜಾಹೀರಾತು ಕಳಿಸಿದ.

ಮೇ ತಿಂಗಳ ಮೊದಲ ಭಾನುವಾರ ಆಸ್ಟಿನ್ನಿನಿಂದ ಒಂದು ಜೋಡಿ ಬಂತು. ದರ್ಶನ್ ಅಲ್ಲಿಯ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಹೆಂಡತಿ ಅನನ್ಯಾಳಿಗೆ ನಾಲ್ಕು ತಿಂಗಳು ತುಂಬಿತ್ತು. ದಂಪತಿಗಳಿಗೆ ಯೂನಿವರ್ಸಿಟಿ ಕೊಡುವ ಮನೆಗೆ ಹೆಸರು ಬರೆಸಿ ಕಾಯುತ್ತಿದ್ದರು, ಸರದಿ ಬರಲು ಇನ್ನೂ ಒಂದೂವರೆ ವರ್ಷ ಎಂದಿದ್ದರು. ಅಲ್ಲಿಯವರೆಗೆ ಟ್ರೈಲರಿನಲ್ಲಿ ಇರುವ ಯೋಚನೆ. ಕನ್ನಡದವರ ಟ್ರೈಲರು ಎಂದು ತಿಳಿದು ಗೆಳೆಯನ ಪಿಕಪ್ ಟ್ರಕ್ಕನ್ನೇ ತೆಗೆದುಕೊಂಡು ಬಂದಿದ್ದರು.

ಶಕುಂತಲಾ ಉಪ್ಪಿಟ್ಟು ಮಾಡಿದ್ದಳು. ಅನನ್ಯಾ ಎರಡು ಸಲ ಹಾಕಿಸಿಕೊಂಡು ತಿಂದಳು. ಪುಟ್ಟಣ್ಣನವರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

"ತಾತ, ನಿಮ್ಮೂರು ಯಾವುದು?"

"ಮಂಡ್ಯ ಕಣವ್ವ."

"ನಮ್ಮದು ಚನ್ನರಾಯಪಟ್ಟಣ. ಪಕ್ಕದಲ್ಲೇ," ಎಂದು ಆ ಹುಡುಗಿ ನಕ್ಕಳು.

ನಂದಕುಮಾರ ದರ್ಶನನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಚಾವಣಿ ತೋರಿಸಿದ, ಒಲೆ ಹೊತ್ತಿಸಿ ತೋರಿಸಿದ. ಸೋರುತ್ತಿತ್ತು, ರಿಪೇರಿ ಆಗಿದೆ ಎಂದೂ ಹೇಳಿದ. ದರ್ಶನ್ ಗೋಡೆ ತಟ್ಟಿ ನೋಡಿ ತಲೆಯಾಡಿಸಿದ. ಗೋಡೆ ತಟ್ಟಿದರೆ ಏನು ಗೊತ್ತಾಗುತ್ತದೆಂದು ಅವನಿಗೇ ತಿಳಿಯದು.

ಅನನ್ಯಾ ಒಳಗೆ ಬಂದು ಪರದೆ ಮುಟ್ಟಿ ನೋಡಿದಳು. ಶಕುಂತಲಾ ಬಾಗಿಲ ಬಳಿ ನಿಂತಿದ್ದಳು. ತಂದೆ ಹೊರಗೆ ಮೆಟ್ಟಿಲ ಪಕ್ಕ ನಿಂತಿರುವುದು ಅವಳಿಗೆ ಗೊತ್ತಿತ್ತು.

"ಆಂಟಿ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು ಅನನ್ಯಾ ತಗ್ಗಿದ ದನಿಯಲ್ಲಿ. "ಹಿಂದಗಡೆ ಈ ಜಾಗ ಗಟ್ಟಿ ಇದೆ ಅಲ್ವಾ? ಮಗು ಹುಟ್ಟಿದ ಮೇಲೆ ತೊಟ್ಟಿಲು ಇಲ್ಲೇ ಹಾಕೋಣ ಅಂತ. ಇವರಿಗೆ ಇದೆಲ್ಲ ಏನೂ ಗೊತ್ತಾಗಲ್ಲ."

ಕಿಟಕಿಯಾಚೆ ನಂದಕುಮಾರ ದರ್ಶನನೊಡನೆ ಚಕ್ರದ ಹತ್ತಿರ ಬಗ್ಗಿ ಮಾತಾಡುತ್ತಿದ್ದ. ಅಂಗಿಯ ಬೆನ್ನು ಸುಕ್ಕುಗಟ್ಟಿತ್ತು. ಇಸ್ತ್ರಿ ಪೆಟ್ಟಿಗೆಯನ್ನು ಅವನು ಹ್ಯೂಸ್ಟನ್ನಿನಲ್ಲಿ ಬಿಟ್ಟು ಬಂದಿದ್ದ.

"ಗಟ್ಟಿ ಇದೆ," ಎಂದಳು ಶಕುಂತಲಾ. "ನಮ್ಮಪ್ಪ ಮೂವತ್ತು ವರ್ಷ ಬಸ್ ಬಾಡಿ ಕಟ್ಟಿದೋರು. ಅವರೇ ಕೈಯಾರ ಮಾಡಿದ್ದು."

ಅನನ್ಯಾ ಬಾಗಿಲಿನಿಂದ ಇಣುಕಿ, "ಹೌದಾ ತಾತ?" ಎಂದಳು.

ಪುಟ್ಟಣ್ಣನವರು ಮಗಳನ್ನು ನೋಡಿದರು. ಆಮೇಲೆ ಆ ಹುಡುಗಿಯನ್ನು ನೋಡಿದರು. "ಹೂಂ ಕಣವ್ವ. ನಾನೇ ಮಾಡಿದ್ದು," ಎಂದು ಮೆಂತ್ಯದ ಪಾತಿಯ ಕಡೆ ನಡೆದರು.

ಸಂಜೆ ನಾಲ್ಕಕ್ಕೆ ಪಿಕಪ್ಪು ಟ್ರೈಲರನ್ನು ಎಳೆದುಕೊಂಡು ಗಲ್ಲಿ ದಾಟಿತು. ಸೋಮವಾರ ಶಕುಂತಲಾ ಬ್ಯಾಂಕಿಗೆ ಹೋಗಿ ಕಂತು ಕಟ್ಟಿ ಬಂದಳು.

ಆ ವಾರವೆಲ್ಲ ಪುಟ್ಟಣ್ಣನವರು ಬಡಿಸಿದ್ದನ್ನು ತಿಂದು ಎದ್ದರು, ಇನ್ನಷ್ಟು ಹಾಕಿಸಿಕೊಳ್ಳಲಿಲ್ಲ. ಬಯ್ಯಲಿಲ್ಲ. ಶಕುಂತಲಾ ಬಯ್ಯಲಿ ಎಂದು ಕಾದಳು. ಬುಧವಾರ ಚಪಾತಿ ಹಾಕುತ್ತ ಅವಳೇ ತೆಗೆದಳು:

"ನೀನೂ ಹೂಂ ಅಂದೆಯಲ್ಲಪ್ಪ."

"ಅಂದೆ," ಎಂದರು ಅವರು. "ಮಗಳು ನೀನು, ನಿಂತಿದ್ದೆ. ಆ ಹುಡುಗಿ ಎದುರಿಗೆ ನಿನ್ನ ಸುಳ್ಳಿ ಅನ್ಲಾ?"

ಅವಳು ತವೆಯ ಮೇಲಿನ ಚಪಾತಿ ಮಗುಚಿದಳು. ಅದು ಆಗಲೇ ಸೀದುಹೋಗಿತ್ತು.

ಶುಕ್ರವಾರ ಶಕುಂತಲಾ ಕೆಲಸದಿಂದ ಬಂದಾಗ ಅವರು ಮನೆಯಲ್ಲಿರಲಿಲ್ಲ. ಗ್ಯಾರೇಜಿನಲ್ಲಿ ಸುತ್ತಿಗೆ, ಉಳಿ, ಗರಗಸದ ಚೀಲವೂ ಇರಲಿಲ್ಲ. ಊಟದ ಮೇಜಿನ ಮೇಲೆ ಒಂದು ಚೀಟಿ: "ಆಸ್ಟಿನ್ನಿಗೆ ಹೋಗಿದ್ದೇನೆ. ಮೆಂತ್ಯಕ್ಕೆ ನೀರು ಹಾಕು."

ನಿಶಿತಾ ಸ್ಕೂಲಿನಿಂದ ಬಂದವಳು ಹೇಳಿದಳು, "ತಾತ ಆಸ್ಕ್ಡ್ ಮಿ ಫಾರ್ ದ ಬಸ್ ಟೈಮ್ಸ್. ನಿನಗೆ ಹೇಳಿದಾರೆ ಅಂದ್ಕೊಂಡೆ."

ಬಸ್ಸಿನ ಮನುಷ್ಯ. ಇಂಗ್ಲಿಷ್ ಹತ್ತು ಮಾತು ಬಾರದಿದ್ದರೂ ಸಿಟಿ ಬಸ್ಸು ಹಿಡಿದು ಡಾಲಸ್ಸಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆಸ್ಟಿನ್ನಿಗೆ ಹೋಗಿದ್ದರು. ಕೈಯಲ್ಲಿ ದರ್ಶನ್ ಬರೆದುಕೊಟ್ಟಿದ್ದ ವಿಳಾಸ.

ಹ್ಯೂಸ್ಟನ್ನಿನಿಂದ ಬಂದ ನಂದಕುಮಾರ ಷೂ ಬಿಚ್ಚುವ ಮೊದಲೇ ವಿಷಯ ಕೇಳಿದ. "ಮುಗೀತು," ಎಂದು ಸೋಫಾದ ಮೇಲೆ ಕೂತ. "ಎಲ್ಲ ಹೇಳಿರ್ತಾರೆ. ಆ ಹುಡುಗ ದುಡ್ಡು ವಾಪಸ್ ಕೇಳ್ತಾನೆ. ಎಲ್ಲಿಂದ ತರ್ಲಿ? ನಮ್ಮ ಜನರ ಮುಂದೆಲ್ಲ ನನ್ನ ಮುಖ ಏನಾಗುತ್ತೆ?"

"ನಾನು ಹೋಗಿ ಬರ್ತೀನಿ."

"ಹೋಗು. ನಿಮ್ಮಪ್ಪ ಅಲ್ವಾ."

"ಸುಳ್ಳು ಹೇಳಿದ್ದೂ ನಾನೇ," ಎಂದಳು ಅವಳು. ಅವಳು ಏನು ಹೇಳಿದ್ದಳೆಂದು ನಂದಕುಮಾರನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹೇಳಿದಳು. ಅವನು ಕೇಳಿಸಿಕೊಂಡು, "ನಾನು ನಿನಗೆ ಹಾಗೆ ಹೇಳು ಅಂದಿರ್ಲಿಲ್ಲ," ಎಂದ.

"ಇಲ್ಲ. ಅಂದಿರ್ಲಿಲ್ಲ."

ಶನಿವಾರ ಬೆಳಿಗ್ಗೆ ಅವಳು ಒಬ್ಬಳೇ ಡ್ರೈವ್ ಮಾಡಿಕೊಂಡು ಹೊರಟಳು. ಮೂರೂವರೆ ಗಂಟೆ ದಾರಿಯುದ್ದಕ್ಕೂ ಆ ಹುಡುಗಿಗೆ ಹೇಳಬೇಕಾದ ಮಾತು ಜೋಡಿಸಿದಳು. ಪಾರ್ಕು ಊರಿನ ಹೊರಗೆ, ಜಲ್ಲಿ ಹಾಸಿದ ಬಯಲು. ಸಾಲಾಗಿ ನಿಂತ ಟ್ರೈಲರುಗಳ ಕೊನೆಯಲ್ಲಿ ಅವರದು. ಹಿಂದಿನ ಗೋಡೆಯ ತಗಡು ಬಿಚ್ಚಿ ಹುಲ್ಲಿನ ಮೇಲೆ ಮಲಗಿಸಿದ್ದರು. ಒಳಗಿನ ಬಿಳಿ ಹಲಗೆಗಳೂ ಹೊರಗೆ ಬಿದ್ದಿದ್ದವು. ತೆರೆದ ಗೋಡೆಯಲ್ಲಿ ಕಪ್ಪಗೆ ಕೊಳೆತ ಕಂಬಗಳು ಹಾದಿಯಲ್ಲಿ ಹೋಗುವವರಿಗೂ ಕಾಣುತ್ತಿದ್ದವು. ಪುಟ್ಟಣ್ಣನವರು ಕೆಳಗೆ ಕೂತು ಉಳಿಯಿಂದ ಕೊಳೆತದ್ದನ್ನು ಕೆತ್ತಿ ತೆಗೆಯುತ್ತಿದ್ದರು.

ಅನನ್ಯಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಶಕುಂತಲಾಳನ್ನು ಕಂಡು ಎದ್ದಳು.

"ಅನನ್ಯಾ, ನಾನು..."

"ತಾತ ಎಲ್ಲ ಹೇಳಿದ್ರು," ಎಂದಳು ಅವಳು. "ನಿನ್ನೆ ಬಂದೋರು ನೀರೂ ಕುಡೀಲಿಲ್ಲ. ಮೊದಲು ಹಲಗೆ ಕಿತ್ತು ತೋರಿಸಿದ್ರು. ನಾವು ನಾಲ್ಕು ದಿನದಿಂದ ಇಲ್ಲೇ ಮಲಗ್ತಿದ್ವಿ."

"ತಪ್ಪಾಯ್ತಮ್ಮ."

"ನಾನು ಮೊದಲು ಅವರನ್ನ ಕೇಳ್ಲಿಲ್ಲ. ನಿಮ್ಮ ಗಂಡನ್ನೂ ಕೇಳ್ಲಿಲ್ಲ. ನಿಮ್ಮನ್ನ ಕೇಳ್ದೆ."

ದರ್ಶನ್ ಬಂದ. ಅವನು ಹೆಂಡತಿಗಿಂತ ಮೆತ್ತಗಿನವನು. "ದುಡ್ಡು ವಾಪಸ್ ಕೊಟ್ಟುಬಿಡಿ ಅಂತ ಹೇಳೋಣ ಅಂತಿದ್ದೆ ಆಂಟಿ. ಅಪಾರ್ಟ್‌ಮೆಂಟೂ ಬಿಟ್ಟುಬಿಟ್ಟಿದೀವಿ. ತಾತ ಮಾತ್ರ ಬೇಡ, ನಾನು ಗೋಡೆ ನಿಲ್ಲಿಸಿಕೊಟ್ಟೇ ಹೋಗ್ತೀನಿ ಅಂತಿದಾರೆ. ಅಲ್ಲಿವರೆಗೂ ನಾವು ಫ್ರೆಂಡ್ ಮನೇಲಿರ್ತೀವಿ."

ಪುಟ್ಟಣ್ಣನವರು ಉಳಿ ಕೆಳಗಿಟ್ಟು, ಸಿಗರೇಟ್ ಪ್ಯಾಕಿನ ಹಿಂದೆ ಬರೆದಿದ್ದ ಅಳತೆಗಳನ್ನು ಮಗಳ ಕೈಗೆ ಕೊಟ್ಟರು. "ಮರದ ಅಂಗಡಿ ಎಲ್ಲದೆ ಅಂತ ಈ ಹುಡುಗನಿಗೆ ಗೊತ್ತು. ಮರಕ್ಕೆ ನೀನು ಕೊಡು."

ಅವಳು ದರ್ಶನನೊಡನೆ ಹೋಗಿ ಕಂಬಗಳಿಗೆ ಮರ, ನೆಲಕ್ಕೆ ದಪ್ಪ ಪ್ಲೈವುಡ್, ಸ್ಕ್ರೂಗಳು, ಅಂಟು ತಂದಳು. ತನ್ನ ಸ್ಕೂಲಿನ ಸಂಬಳದಿಂದ ಚೆಕ್ಕು ಬರೆದಳು. ಮಧ್ಯಾಹ್ನವೆಲ್ಲ ತಂದೆ ಹೇಳಿದಲ್ಲಿ ಹಿಡಿದು ನಿಂತಳು. "ಮೇಲೆ. ಇನ್ನೂ ಮೇಲೆ. ಬುಡು." ಅವರು ಆಡಿದ್ದು ಅಷ್ಟೇ ಮಾತು. ಒಮ್ಮೆ ಅವಳ ಹೆಬ್ಬೆರಳಿಗೆ ಚೆಕ್ಕೆ ಚುಚ್ಚಿತು. ಅವರು ನೋಡಿದರು, ಅಲ್ಲೇ ಕೆಲಸ ಮುಂದುವರಿಸಿದರು. ಚಿಕ್ಕಂದಿನಲ್ಲಿ ಅವಳಿಗೆ ಮುಳ್ಳು ಚುಚ್ಚಿದರೆ ಹೆಗಲ ಮೇಲೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಓಡುತ್ತಿದ್ದ ಮನುಷ್ಯ.

ಅನನ್ಯಾ ಮೊಸರನ್ನ ಕಲೆಸಿ ತಂದಳು. ತಾತನಿಗೆ ಕೈಗೆ ಕೊಟ್ಟಳು. ಶಕುಂತಲಾಳ ಪಾಲನ್ನು ಕುರ್ಚಿಯ ಮೇಲಿಟ್ಟು ಹೋದಳು.

"ಸಂಜೆ ಆಯ್ತು, ಬಾಪ್ಪ ಹೋಗೋಣ. ಮುಂದಿನ ವಾರ ಮತ್ತೆ ಕರ್ಕೊಂಡು ಬರ್ತೀನಿ."

"ಗೋಡೆ ಬಿಚ್ಚಿಟ್ಟು ಹೋಗಾಕಾಯ್ತದಾ? ನೀನು ಹೊರಡು. ಮಗು ಕಾಯ್ತಿರ್ತಾಳೆ."

"ಎಲ್ಲಿ ಮಲಗ್ತೀಯ?"

"ಮುಂದಿನ ಬೆಂಚಲ್ಲಿ," ಎಂದರು.

ಮೂರು ವಾರ ಅವರು ಅಲ್ಲೇ ಇದ್ದು, ದರ್ಶನನನ್ನೂ ಜೊತೆಗಿಟ್ಟುಕೊಂಡು ಬೆಳಗಿನಿಂದ ಕತ್ತಲವರೆಗೆ ಕೆಲಸ ಮಾಡಿದರು. ಪ್ರತಿ ಶನಿವಾರ ಶಕುಂತಲಾ ಅಡಿಗೆ ಮಾಡಿಕೊಂಡು ಹೋಗಿ ಮರ ಹಿಡಿದು ನಿಂತು ಬಂದಳು. ಎರಡನೆಯ ವಾರ ನಂದಕುಮಾರ ತಾನೂ ಬರುತ್ತೇನೆಂದು ಕಾರು ಹತ್ತಿ, ಅರ್ಧ ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ, "ನನ್ನ ಕೈಲಾಗಲ್ಲ ಶಕ್ಕು, ನನಗೆ ಅವರ ಮುಖ ನೋಡೋಕಾಗಲ್ಲ," ಎಂದ. ಅವಳು ಕಾರು ತಿರುಗಿಸಿ ಅವನನ್ನು ಮನೆಗೆ ಬಿಟ್ಟು ಮತ್ತೆ ಹೊರಟಳು. ಆವತ್ತು ಅಲ್ಲಿ ತಲುಪಿದಾಗ ಮೂರು ಗಂಟೆಯಾಗಿತ್ತು. ಯಾಕೆ ತಡ ಎಂದು ಯಾರೂ ಕೇಳಲಿಲ್ಲ.

ಜೂನ್ ಮೊದಲ ವಾರ ಗೋಡೆ ಮುಗಿಸಿ ಪುಟ್ಟಣ್ಣನವರು ಬಸ್ಸಿನಲ್ಲೇ ಹಿಂದಿರುಗಿದರು. ಸ್ನಾನ ಮಾಡಿ, ಮುದ್ದೆ ಉಂಡು, ಚೀಲದಿಂದ ಹತಾರ ತೆಗೆದು ಒಂದೊಂದಕ್ಕೂ ಎಣ್ಣೆ ಸವರಿಟ್ಟರು. ಭಾನುವಾರ ಊಟದ ಹೊತ್ತಿನಲ್ಲಿ ಹೇಳಿದರು:

"ನನಗೆ ಊರಿಗೆ ಟಿಕೇಟ್ ಮಾಡಿಸು."

"ಎಷ್ಟು ದಿನಕ್ಕೆ?"

"ಹೋಗಕ್ಕೆ ಒಂದು ಸಾಕು."

ನಂದಕುಮಾರ ತಟ್ಟೆಯಿಂದ ತಲೆ ಎತ್ತಿದ. "ಮಾವ, ನಾನೇನಾದ್ರೂ ಅಂದೆನಾ? ಬಂದ ಮೇಲೆ ಒಂದು ಮಾತು ಆಡಿದೀನಾ?"

"ಇಲ್ಲಪ್ಪ. ನೀವು ಏನೂ ಅನ್ಲಿಲ್ಲ."

"ಗ್ರೀನ್ ಕಾರ್ಡ್ ಹೋಗುತ್ತಪ್ಪ," ಎಂದಳು ಶಕುಂತಲಾ. "ಅಲ್ಲಿ ಯಾರಿದಾರೆ ನಿನಗೆ?"

"ತಂಗಿ ಗುರವ್ವ ಅವ್ಳೆ. ಅವಳ ಮನೇಲಿ ಒಂದು ರೂಮದೆ." ತಟ್ಟೆ ಪಕ್ಕಕ್ಕೆ ಸರಿಸಿ ಸೇರಿಸಿದರು, "ಇಲ್ಲಿ ನನ್ನ ಮಾತು ಸಾಗ್ಲಿಲ್ಲ ಅಂತ ಕೋಪ ಇಲ್ಲ ಮಗ. ಆದರೆ ಆವತ್ತು ನಾನು ಹೂಂ ಅಂದ್ನಲ್ಲ, ಅದನ್ನ ಇನ್ನೊಂದು ಸಲ ಅನ್ನೋ ಹಂಗೆ ಆಗ್ಬಾರದು. ಇಲ್ಲಿದ್ರೆ ಅಂತೀನಿ. ಮಗಳ ಮನೆ ಅಂತ ಅಂದೇಬುಡ್ತೀನಿ."

ನಿಶಿತಾ ಅಂದು ಊಟ ಮುಗಿಯುವವರೆಗೂ ಮೇಜಿನಲ್ಲೇ ಕೂತಿದ್ದಳು. ಆಮೇಲೆ ತಾತನ ತಟ್ಟೆಯನ್ನೂ ತನ್ನದನ್ನೂ ತೊಳೆದಿಟ್ಟಳು.

ಜುಲೈನಲ್ಲಿ ಅವರು ವಿಮಾನ ಹತ್ತಿದರು. ಅವರ ರೂಮಿನಲ್ಲಿ ಹಾಸಿಗೆ ಮಡಿಸಿಟ್ಟು ಹೋಗಿದ್ದರು. ನಂದಕುಮಾರ ಅದೇ ಮೊದಲ ಸಲ ಗ್ಯಾರೇಜಿನ ಕಪಾಟು ತೆಗೆದು ನೋಡಿದ. ಹತಾರಗಳನ್ನು ಅವರು ಒಯ್ದಿರಲಿಲ್ಲ. ಯಾವುದು ಯಾವುದಕ್ಕೆ ಎಂದು ಅವನಿಗೆ ಗೊತ್ತಾಗದೆ ಮತ್ತೆ ಮುಚ್ಚಿದ.

ಅಕ್ಟೋಬರ್ ಕೊನೆಗೆ ಆಸ್ಟಿನ್ನಿನಿಂದ ಒಂದು ಲಕೋಟೆ ಬಂತು. ಮೇಲೆ ಪುಟ್ಟಣ್ಣನವರ ಹೆಸರು ಮಾತ್ರ. ಶಕುಂತಲಾ ಸ್ವಲ್ಪ ಹೊತ್ತು ನೋಡಿ ತೆ‌ರೆದಳು. ಹೆಣ್ಣುಮಗುವಿನ ಫೋಟೋ, ನಾಮಕರಣದ ಕಾಗದ. ಕೆಳಗೆ ಪೆನ್ನಿನಲ್ಲಿ, "ತಾತ, ನೀವು ಬರಲೇಬೇಕು." ಅವರು ಊರಿಗೆ ಹೋದದ್ದು ಆ ಹುಡುಗಿಗೆ ತಿಳಿದಿರಲಿಲ್ಲ.

ಮಂಡ್ಯಕ್ಕೆ ಫೋನ್ ಮಾಡಿದಳು. ಪುಟ್ಟಣ್ಣನವರು ಮಗುವಿನ ತೂಕ ಕೇಳಿದರು, ಬಾಣಂತಿ ಹೇಗಿದ್ದಾಳೆ ಎಂದು ಕೇಳಿದರು. "ಕಾಗದದಲ್ಲಿ ಅಷ್ಟೆಲ್ಲ ಇಲ್ಲಪ್ಪ," ಎಂದಳು.

"ಹಂಗಾರೆ ಹೋಗಿ ನೋಡ್ಕೊಂಡು ಬಾ."

"ನನ್ನ ಕರೆದಿಲ್ಲ ಅವರು. ನಿನ್ನ ಹೆಸರೊಂದೇ ಇರೋದು."

"ನನ್ನ ಹೆಸ್ರಲ್ಲೇ ಹೋಗು," ಎಂದರು ಅವರು.

ಭಾನುವಾರ ಅವಳು ಹೋದಳು. ಪಾರ್ಕಿನ ಸಾರ್ವಜನಿಕ ಹಾಲಿನಲ್ಲಿ ಇಪ್ಪತ್ತು ಜನ ವಿದ್ಯಾರ್ಥಿಗಳು ನೆಲದ ಮೇಲೆ ಕೂತು ಪೇಪರ್ ತಟ್ಟೆಯಲ್ಲಿ ಪುಳಿಯೋಗರೆ ತಿನ್ನುತ್ತಿದ್ದರು. ಅನನ್ಯಾ ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಬಾಗಿಲಲ್ಲಿ ಶಕುಂತಲಾಳನ್ನು ಕಂಡು ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು.

"ತಾತ ಬರ್ಲಿಲ್ವಾ?"

"ಊರಿಗೆ ಹೊರಟುಹೋದ್ರು. ಜುಲೈನಲ್ಲೇ. ನನ್ನ ಕಳಿಸಿದಾರೆ."

ಅನನ್ಯಾ ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡಳು. "ಕೂತ್ಕೊಳ್ಳಿ, ಊಟ ಮಾಡಿ," ಎಂದಳು. ಆಂಟಿ ಎನ್ನಲಿಲ್ಲ. "ತಾತ ಬಂದಿದ್ರೆ ಮೊದಲು ಅವರ ಕೈಗೆ ಕೊಡಬೇಕು ಅಂತಿದ್ದೆ."

ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿ ತೋರಿಸಿದಳು. ಮಗು ನಿದ್ದೆಯಲ್ಲಿ ತುಟಿ ಆಡಿಸಿತು. ಶಕುಂತಲಾ ಬಗ್ಗಿ ನೋಡಿದಳು. ಅನನ್ಯಾ ಮಗುವನ್ನು ಕೊಡಲಿಲ್ಲ. ಶಕುಂತಲಾ ಕೈ ಚಾಚಲೂ ಇಲ್ಲ.